ಅಗೆಯದೆ ಬಿಟ್ಟ ಮಣ್ಣು

ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದವರು ಯಾರು? ಹೈಸ್ಕೂಲಿನಲ್ಲಿ ಇದು ನಮಗೆ ಒಂದು ಅಂಕದ ಪ್ರಶ್ನೆ. ಮಾರ್ಟಿಮರ್ ವೀಲರ್ ಎಂದು ಬರೆದರೆ ಅಂಕ ಸಿಕ್ಕಿತು, ಅಲ್ಲಿಗೆ ಕಥೆ ಮುಗಿಯಿತು. ಚಳ್ಳಕೆರೆಯವರಾದ ನಮಗೆ ಬ್ರಹ್ಮಗಿರಿ ದೂರದ ಊರೇನಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಅಶೋಕ ಸಿದ್ದಾಪುರದ ಹತ್ತಿರ ಇರುವ ಬಂಡೆಗಳ ಬೆಟ್ಟ ಅದು. ಆದರೆ ಈ ವೀಲರ್ ಯಾರು, ಎಲ್ಲಿಂದ ಬಂದರು, ನಮ್ಮ ಬೆಟ್ಟದ ಬುಡದಲ್ಲಿ ಏನನ್ನು ಹುಡುಕಿದರು ಎಂದು ತರಗತಿಯಲ್ಲಿ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಈಗ ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಸರ್ವೆ, ಮಣ್ಣಿನ ಪರೀಕ್ಷೆ ಎಲ್ಲ ಕಲಿತ ಮೇಲೆ ಒಂದು ರಜೆಯಲ್ಲಿ ವೀಲರ್ ಬಗ್ಗೆ ಓದತೊಡಗಿದೆ. ಇತಿಹಾಸದ ಪುಸ್ತಕ ಎಂದುಕೊಂಡು ತೆರೆದರೆ ನಮ್ಮ ಲ್ಯಾಬಿನಲ್ಲಿ ದಿನವೂ ಕೇಳುವ ಒಂದು ಪದ ಅಲ್ಲಿಯೂ ಸಿಕ್ಕಿತು: ಕಂಟ್ರೋಲ್. ಆ ಪದವನ್ನು ಹಿಡಿದುಕೊಂಡು ಓದಿದರೆ ವೀಲರ್ ಅವರ ಗೆಲುವೂ ಅರ್ಥವಾಗುತ್ತದೆ, ಸೋಲೂ ಅರ್ಥವಾಗುತ್ತದೆ.

ನಾಲ್ಕು ಸಾಲು ಬಿಟ್ಟವನಿಗೆ ಗೊತ್ತು

ಕಂಟ್ರೋಲ್ ಎಂದರೇನು ಎಂಬುದನ್ನು ನಮ್ಮ ಕಡೆಯ ಶೇಂಗಾ ಹೊಲದಲ್ಲೇ ನೋಡಬಹುದು. ಬೆಳೆ ಮೊಣಕಾಲುದ್ದ ಬರುವ ಮೊದಲೇ ಯಾರೋ ಒಬ್ಬರು ಟಾನಿಕ್ ಮಾರಲು ಬರುತ್ತಾರೆ. ರೈತ ಹೊಲಕ್ಕೆಲ್ಲ ಸಿಂಪಡಿಸುತ್ತಾನೆ. ಅದೇ ವಾರ ಒಂದು ಹದ ಮಳೆ ಬೀಳುತ್ತದೆ. ಗಿಡ ಹಚ್ಚಗಾಗುತ್ತದೆ. ಹಚ್ಚಗಾದದ್ದು ಟಾನಿಕ್‌ನಿಂದಲೋ ಮಳೆಯಿಂದಲೋ? ಇಡೀ ಹೊಲಕ್ಕೆ ಸಿಂಪಡಿಸಿದವನಿಗೆ ಇದನ್ನು ಹೇಳಲು ದಾರಿಯೇ ಇಲ್ಲ. ಅಲ್ಲಲ್ಲಿ ನಾಲ್ಕು ಸಾಲು ಸಿಂಪಡಿಸದೆ ಬಿಟ್ಟವನು ಮಾತ್ರ ಹೇಳಬಲ್ಲ. ಮಣ್ಣು ಅದೇ, ಬೀಜ ಅದೇ, ಮಳೆ ಅದೇ. ಬೇರೆ ಇರುವುದು ಟಾನಿಕ್ ಒಂದೇ. ಬಿಟ್ಟ ಆ ಸಾಲುಗಳೇ ಕಂಟ್ರೋಲ್.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ಮಾಡಿದ್ದೂ ಇದನ್ನೇ. ಸ್ಕರ್ವಿ ರೋಗ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಎಲ್ಲರಿಗೂ ಒಂದೇ ಊಟ ಕೊಟ್ಟು, ಒಂದೊಂದು ಜೋಡಿಗೆ ಒಂದೊಂದು ಔಷಧ ಕೊಟ್ಟರು. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ಉಳಿದ ಐದು ಜೋಡಿ ಪಕ್ಕದಲ್ಲೇ ಇದ್ದುದರಿಂದ ಹಣ್ಣಿನ ಗುಣ ಕಣ್ಣಿಗೆ ಕಂಡಿತು.

ಇನ್ನೊಂದು ಬಗೆಯ ಕಂಟ್ರೋಲ್ ಸಿವಿಲ್ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಸರ್ವೆ ಶುರುವಾಗುವುದು ಎತ್ತರ ಮೊದಲೇ ಗೊತ್ತಿರುವ ಒಂದು ಗುರುತಿನಿಂದ. ಅದನ್ನು ಬೆಂಚ್ ಮಾರ್ಕ್ ಎನ್ನುತ್ತೇವೆ. ಗೊತ್ತಿರುವ ಕಡೆಯಿಂದ ಗೊತ್ತಿಲ್ಲದ ಕಡೆಗೆ ಅಳೆಯುತ್ತಾ ಹೋಗಿ, ಕೊನೆಗೆ ಮತ್ತೆ ಅದೇ ಗುರುತಿಗೆ ವಾಪಸ್ ಬರಬೇಕು. ಹೊರಟಾಗ ಇದ್ದ ಅಂಕಿಗೂ ವಾಪಸ್ ಬಂದಾಗ ಸಿಕ್ಕ ಅಂಕಿಗೂ ಇರುವ ವ್ಯತ್ಯಾಸವೇ ನಮ್ಮ ತಪ್ಪಿನ ಅಳತೆ. ವಾಪಸ್ ಬರದಿದ್ದರೆ ತಪ್ಪು ಆಗಿದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಬಿಟ್ಟ ಸಾಲು ಮತ್ತು ಗೊತ್ತಿರುವ ಗುರುತು, ಈ ಎರಡನ್ನೂ ಮಣ್ಣು ಅಗೆಯುವ ಕೆಲಸಕ್ಕೆ ತಂದವರು ವೀಲರ್.

ಸೈನಿಕನ ಶಿಸ್ತು

ರಾಬರ್ಟ್ ಎರಿಕ್ ಮಾರ್ಟಿಮರ್ ವೀಲರ್ ಹುಟ್ಟಿದ್ದು 1890ರ ಸೆಪ್ಟೆಂಬರ್ 10ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಪತ್ರಕರ್ತರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರೀಕ್, ಲ್ಯಾಟಿನ್ ಓದಿದರು. 1914ರಲ್ಲಿ ಟೆಸ್ಸಾ ವೆರ್ನಿ ಅವರನ್ನು ಮದುವೆಯಾದರು. ಅದೇ ವರ್ಷ ಮೊದಲ ಮಹಾಯುದ್ಧ ಬಂತು. ಫಿರಂಗಿ ದಳ ಸೇರಿದ ವೀಲರ್ ಮಿಲಿಟರಿ ಕ್ರಾಸ್ ಪದಕದೊಂದಿಗೆ ಮರಳಿದರು. ಆದರೆ ಯುದ್ಧಕ್ಕೆ ಮೊದಲು ಅವರ ಜೊತೆ ಅಗೆಯಲು ಕಲಿತ ಗೆಳೆಯರಲ್ಲಿ ಹೆಚ್ಚಿನವರು ಮರಳಲಿಲ್ಲ. ಒಂದು ತಲೆಮಾರಿನ ಕೆಲಸವೆಲ್ಲ ತನ್ನ ಹೆಗಲಿಗೆ ಬಿದ್ದಿದೆ ಎಂಬ ಭಾವನೆ ಅವರನ್ನು ಕೊನೆಯವರೆಗೂ ಓಡಿಸಿತು.

ಆ ಕಾಲದಲ್ಲಿ ಉತ್ಖನನ ಎಂದರೆ ಬಹುಮಟ್ಟಿಗೆ ನಿಧಿ ಶೋಧನೆ. ಗೋಡೆ ಸಿಕ್ಕರೆ ಅದರ ಗುಂಟ ಅಗೆಯುವುದು, ಒಳ್ಳೆಯ ವಸ್ತು ಸಿಕ್ಕರೆ ಮ್ಯೂಸಿಯಂಗೆ ಕಳಿಸುವುದು. ವೀಲರ್ ಮಾತ್ರ 1880ರ ದಶಕದಲ್ಲಿ ಪಿಟ್ ರಿವರ್ಸ್ ಎಂಬ ಸೇನಾಧಿಕಾರಿ ಮಾಡಿದ್ದ ಕೆಲಸದಿಂದ ಪಾಠ ಕಲಿತರು. ಒಡೆದ ಮಡಕೆ ಚೂರನ್ನೂ ಬಿಡದೆ, ಯಾವುದು ಯಾವ ಪದರದಲ್ಲಿ ಸಿಕ್ಕಿತು ಎಂದು ಆತ ಬರೆದಿಟ್ಟಿದ್ದ. ವೀಲರ್ ಮತ್ತು ಟೆಸ್ಸಾ ಇಬ್ಬರೂ ವೇಲ್ಸ್‌ನಲ್ಲಿ, ಆಮೇಲೆ ಇಂಗ್ಲೆಂಡಿನ ವೆರುಲೇಮಿಯಂ ಮತ್ತು ಮೇಡನ್ ಕ್ಯಾಸಲ್‌ನಲ್ಲಿ ಆ ವಿಧಾನವನ್ನು ಬೆಳೆಸಿದರು. ಲಂಡನ್ನಿನಲ್ಲಿ ಪುರಾತತ್ವ ಕಲಿಸುವ ಸಂಸ್ಥೆಯೊಂದು ಬೇಕು ಎಂದು ಇಬ್ಬರೂ ವರ್ಷಗಟ್ಟಲೆ ಓಡಾಡಿದರು. ಅದು 1937ರಲ್ಲಿ ಶುರುವಾಯಿತು. ನೋಡಲು ಟೆಸ್ಸಾ ಇರಲಿಲ್ಲ. 1936ರಲ್ಲೇ ತೀರಿಕೊಂಡಿದ್ದರು. ವಿಧಾನಕ್ಕೆ ವೀಲರ್ ಹೆಸರು ಉಳಿದಿದೆಯಾದರೂ ಅದರಲ್ಲಿ ಅರ್ಧ ಪಾಲು ಟೆಸ್ಸಾ ಅವರದು ಎಂದೇ ನನಗನ್ನಿಸುತ್ತದೆ.

ವಿಧಾನ ಹೀಗಿದೆ. ಅಗೆಯುವ ಜಾಗವನ್ನು ಚೌಕ ಚೌಕವಾಗಿ ಗುರುತು ಮಾಡಬೇಕು. ಚೌಕಗಳ ನಡುವೆ ಒಂದಿಷ್ಟು ಅಗಲದ ಮಣ್ಣನ್ನು ಮುಟ್ಟದೆ ಬಿಡಬೇಕು. ಚೌಕ ಆಳಕ್ಕೆ ಹೋದ ಹಾಗೆ ಬಿಟ್ಟ ಮಣ್ಣು ಗೋಡೆಯಂತೆ ನಿಲ್ಲುತ್ತದೆ. ಆ ಗೋಡೆಯ ಮೈಮೇಲೆ ಬೂದಿ, ಜೇಡಿ, ಮರಳು, ಸುಟ್ಟ ಮಣ್ಣು ಎಲ್ಲವೂ ಪದರ ಪದರವಾಗಿ ಕಾಣುತ್ತವೆ. ಅಗೆದು ತೆಗೆದದ್ದು ವಾಪಸ್ ಬರುವುದಿಲ್ಲ. ಆದ್ದರಿಂದ ಅಗೆದವನು ಹೇಳಿದ್ದು ಸರಿಯೇ ಎಂದು ನೋಡಲು ಈ ಗೋಡೆಯೇ ಸಾಕ್ಷಿ. ಹೊಲದಲ್ಲಿ ಬಿಟ್ಟ ನಾಲ್ಕು ಸಾಲಿನ ಹಾಗೆ.

ಕೂಲಿಯವರು ಅಗೆಯಲು ಶುರು ಮಾಡುವ ಮೊದಲು ಉಸ್ತುವಾರಿಯವನು ತಾನೇ ಚೌಕದೊಳಗೆ ಒಂದು ಚಿಕ್ಕ ಗುಂಡಿ ತೋಡಬೇಕು. ಕೆಳಗೆ ಯಾವ ಪದರ ಬರಲಿದೆ ಎಂದು ಅದು ಮೊದಲೇ ತಿಳಿಸುತ್ತದೆ. ಅದಕ್ಕೆ ವೀಲರ್ ಇಟ್ಟ ಹೆಸರೇ ಕಂಟ್ರೋಲ್ ಪಿಟ್.

ಇಷ್ಟೆಲ್ಲ ಏಕೆ, ಎಷ್ಟು ಅಡಿ ಆಳದಲ್ಲಿ ಸಿಕ್ಕಿತು ಎಂದು ಬರೆದರೆ ಸಾಲದೇ? ಭಾರತದಲ್ಲಿ ಅಲ್ಲಿಯವರೆಗೆ ಹಲವು ಕಡೆ ಹಾಗೆಯೇ ಮಾಡುತ್ತಿದ್ದರು. ಆದರೆ ನಮ್ಮ ಕಡೆಯ ಹಗೇವನ್ನು ನೆನಪಿಸಿಕೊಳ್ಳಿ. ಕಾಳು ತುಂಬಿಡಲು ನೆಲದೊಳಗೆ ತೋಡುವ ಆಳದ ಗುಂಡಿ ಅದು. ಹಗೇವಿನ ತಳದಲ್ಲಿ ಬಿದ್ದ ಇವತ್ತಿನ ನಾಣ್ಯ, ಪಕ್ಕದ ಮಣ್ಣಿನಲ್ಲಿ ಮೇಲೆ ಇರುವ ನೂರಾರು ವರ್ಷ ಹಳೆಯ ಮಡಕೆಗಿಂತ ಕೆಳಗಿರುತ್ತದೆ. ಅಡಿ ಲೆಕ್ಕವನ್ನೇ ನಂಬಿದರೆ ನಾಣ್ಯವೇ ಹಳೆಯದಾಗಿಬಿಡುತ್ತದೆ. ಪದರ ನೋಡಿದವನಿಗೆ ಮಾತ್ರ ಗುಂಡಿಯ ಅಂಚು ಕಾಣುತ್ತದೆ.

ಅರಿಕಮೇಡುವಿನಿಂದ ಬ್ರಹ್ಮಗಿರಿಗೆ

ಎರಡನೇ ಮಹಾಯುದ್ಧದಲ್ಲಿ ಮತ್ತೆ ಸೈನ್ಯ ಸೇರಿ ಉತ್ತರ ಆಫ್ರಿಕಾ, ಇಟಲಿಗಳಲ್ಲಿ ಹೋರಾಡುತ್ತಿದ್ದ ವೀಲರ್‌ಗೆ ಭಾರತದಿಂದ ಕರೆ ಬಂತು. 1944ರಲ್ಲಿ ಅವರು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಮಹಾನಿರ್ದೇಶಕರಾದರು. ಬಂದ ವರ್ಷವೇ ತಕ್ಷಶಿಲೆಯಲ್ಲಿ ತರಬೇತಿ ಶಿಬಿರ ತೆರೆದು ಸುಮಾರು 60 ವಿದ್ಯಾರ್ಥಿಗಳಿಗೆ ಈ ವಿಧಾನ ಕಲಿಸಿದರು. ಮುಂದೆ ದೇಶದ ದೊಡ್ಡ ಪುರಾತತ್ವಜ್ಞರಾದ ಬಿ. ಬಿ. ಲಾಲ್ ಅಂಥವರು ಅಲ್ಲಿ ಕಲಿತವರು. ವೀಲರ್ ಮುಂಗೋಪಿ, ದರ್ಪದ ಮನುಷ್ಯ. ಸೈನ್ಯದ ಗತ್ತನ್ನು ಆಫೀಸಿಗೂ ತಂದವರು. ಆದರೂ ಕಲಿಸುವುದರಲ್ಲಿ ಜಿಪುಣತನ ಮಾಡಲಿಲ್ಲ.

ದಕ್ಷಿಣ ಭಾರತದ ಒಂದು ಸಮಸ್ಯೆ ಅವರನ್ನು ಕಾಡಿತು. ಇಲ್ಲಿ ಎಲ್ಲೆಂದರಲ್ಲಿ ಕಲ್ಲಿನ ದೊಡ್ಡ ಚಪ್ಪಡಿ ನಿಲ್ಲಿಸಿ ಮಾಡಿದ ಪ್ರಾಚೀನ ಗೋರಿಗಳಿವೆ. ನಮ್ಮ ನಾಡಿನ ಹಲವು ಕಡೆ ಜನ ಅವನ್ನು ಮೋರಿಯರ ಮನೆ ಎಂದು ಕರೆಯುತ್ತಾರೆ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇಂಥವನ್ನು ಅಗೆದು ಚಿತ್ರ ಬರೆದಿದ್ದರು. ಆದರೆ ಗೋರಿಯೊಳಗೆ ಮೂಳೆ, ಕಬ್ಬಿಣ, ಮಡಕೆ ಸಿಗುತ್ತಿದ್ದವೇ ಹೊರತು ಕಾಲ ಹೇಳುವ ಯಾವುದೂ ಸಿಗುತ್ತಿರಲಿಲ್ಲ. ಬೆಂಚ್ ಮಾರ್ಕ್ ಇಲ್ಲದ ಸರ್ವೆ ಅದು.

ವೀಲರ್ ಮೊದಲು ಬೆಂಚ್ ಮಾರ್ಕ್ ಹುಡುಕಿದರು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಇಟಲಿಯಿಂದ ಬಂದ ಕೆಂಪು ಮಡಕೆ ಚೂರುಗಳು ಸಿಕ್ಕಿದ್ದವು. ಆ ಮಡಕೆ ಇಟಲಿಯಲ್ಲಿ ಯಾವಾಗ ತಯಾರಾಗಿ ಯಾವಾಗ ನಿಂತಿತು ಎಂಬುದು ಅಲ್ಲಿಯವರಿಗೆ ಗೊತ್ತಿತ್ತು: ಕ್ರಿ.ಶ. ಮೊದಲ ಶತಮಾನದ ಮಧ್ಯಭಾಗದ ಹೊತ್ತಿಗೆ ಅದರ ಕಾಲ ಮುಗಿದಿತ್ತು. 1945ರಲ್ಲಿ ವೀಲರ್ ಅಲ್ಲಿ ಅಗೆದರು. ಇಟಲಿಯ ಮಡಕೆಯ ಜೊತೆಗೆ, ಒಳಗಡೆ ಚುಕ್ಕಿಗಳ ಸುತ್ತು ಇರುವ ಇನ್ನೊಂದು ಬಗೆಯ ತಟ್ಟೆಯೂ ಸಿಕ್ಕಿತು. ಇನ್ನು ಒಳನಾಡಿನಲ್ಲಿ ಆ ತಟ್ಟೆ ಎಲ್ಲಿ ಸಿಗುತ್ತದೋ ಅಲ್ಲಿನ ಪದರದ ಕಾಲ ಹೇಳಬಹುದು ಎಂದು ಅವರ ಲೆಕ್ಕ.

ಆ ತಟ್ಟೆಯ ಜಾಡು ಅವರನ್ನು 1947ರಲ್ಲಿ ಚಿತ್ರದುರ್ಗ ಜಿಲ್ಲೆಗೆ ತಂದಿತು. ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಅಗೆದರು. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಈ ಎರಡೂ ಕಡೆ ಮೊದಲೇ ಕೆಲಸ ಮಾಡಿದ್ದರು. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದ ಮೇಲೆ ಈ ಜಾಗದ ಹೆಸರು ವಿದ್ವಾಂಸರಿಗೆಲ್ಲ ಗೊತ್ತಿತ್ತು. ಶಾಸನದಲ್ಲಿ ಬರುವ ಇಸಿಲ ಎಂಬ ಪಟ್ಟಣ ಇದೇ ಎಂದು ಹೇಳುತ್ತಾರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಕ್ರಿ.ಪೂ. 3ನೇ ಶತಮಾನದ ಶಾಸನ ಕಣ್ಣೆದುರೇ ಇರುವಾಗ ಇಟಲಿಯ ಮಡಕೆ ಏಕೆ ಬೇಕಿತ್ತು? ಏಕೆಂದರೆ ಶಾಸನ ಇರುವುದು ಬಂಡೆಯ ಮೇಲೆ. ಮಡಕೆ ಇರುವುದು ಮಣ್ಣಿನೊಳಗೆ. ಆ ಶಾಸನ ಕೆತ್ತಿದ ದಿನ ಕೆಳಗಿನ ಊರಿನಲ್ಲಿ ಯಾವ ಮಡಕೆಯಲ್ಲಿ ಅಡುಗೆ ಮಾಡುತ್ತಿದ್ದರು ಎಂದು ಬಂಡೆ ಹೇಳುವುದಿಲ್ಲ. ಪಕ್ಕದಲ್ಲಿದೆ ಎಂದ ಮಾತ್ರಕ್ಕೆ ಒಂದೇ ಕಾಲದ್ದು ಎನ್ನಲಾಗದು.

ವೀಲರ್ ಊರನ್ನೂ ಅಗೆದರು, ಪಕ್ಕದ ಗೋರಿಗಳನ್ನೂ ಅಗೆದರು. ಊರಿನ ಮಣ್ಣಿನಲ್ಲಿ ಮೂರು ಹಂತ ಕಂಡವು. ಎಲ್ಲಕ್ಕಿಂತ ಕೆಳಗೆ ನುಣುಪು ಮಾಡಿದ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನ. ನಡುವೆ ಕಬ್ಬಿಣ ಮತ್ತು ಕಪ್ಪು–ಕೆಂಪು ಮಡಕೆ ಬಳಸುತ್ತಿದ್ದ ಜನ. ಮೇಲೆ ಶಾತವಾಹನರ ಕಾಲದ ಜನ. ಗೋರಿಗಳಲ್ಲಿ ಸಿಕ್ಕಿದ್ದೂ ಅದೇ ಕಪ್ಪು–ಕೆಂಪು ಮಡಕೆ. ಹಾಗಾಗಿ ಗೋರಿಗಳು ನಡುವಿನ ಹಂತದವು ಎಂದು ಮೊದಲ ಬಾರಿಗೆ ಪದರದ ಸಾಕ್ಷಿಯಿಂದ ತಿಳಿಯಿತು. ಚುಕ್ಕಿ ಸುತ್ತಿನ ತಟ್ಟೆ ಮೇಲಿನ ಹಂತದಲ್ಲಿ ಸಿಕ್ಕಿತು. ದಕ್ಷಿಣ ಭಾರತದ ಪ್ರಾಚೀನ ಇತಿಹಾಸಕ್ಕೆ ಮೊದಲ ಸಲ ಒಂದು ಏಣಿ ಸಿಕ್ಕಿತು, ಅದೂ ನಮ್ಮ ಮೊಳಕಾಲ್ಮುರಿನಲ್ಲಿ.

ಏಣಿಯ ಕೆಳಗಿನ ಮೆಟ್ಟಿಲು

ಏಣಿಗೆ ವೀಲರ್ ಇಸವಿಗಳನ್ನೂ ಬರೆದರು. ಮೇಲಿನ ಹಂತ ಶುರುವಾದದ್ದು ಕ್ರಿ.ಶ. 1ನೇ ಶತಮಾನದ ಮಧ್ಯದಲ್ಲಿ. ಗೋರಿಯ ಜನ ಕ್ರಿ.ಪೂ. 200ರ ಸುಮಾರಿಗೆ ಬಂದರು. ಕಲ್ಲಿನ ಕೊಡಲಿಯವರು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದಿಂದ ಅಲ್ಲಿಯವರೆಗೆ ಇದ್ದರು. ಈ ಲೆಕ್ಕ ಒಪ್ಪಿದರೆ ಅಶೋಕ ಶಾಸನ ಬರೆಸಿದಾಗ ಬೆಟ್ಟದ ಕೆಳಗಿನ ಜನ ಇನ್ನೂ ಕಲ್ಲಿನ ಕೊಡಲಿ ಹಿಡಿದಿದ್ದರು ಎಂದಾಗುತ್ತದೆ. ಹಿಂದುಳಿದ ಪ್ರದೇಶ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಆದರೆ ಎರಡು ಸಾವಿರ ವರ್ಷದ ಹಿಂದೆಯೂ ಹಾಗೇ ಇದ್ದೆವು ಎಂದು ಪುಸ್ತಕವೇ ಹೇಳಿದರೆ ಅದು ಸಣ್ಣ ವಿಷಯವಲ್ಲ.

ಆ ಲೆಕ್ಕ ನಿಲ್ಲಲಿಲ್ಲ. ವೀಲರ್ ಬ್ರಹ್ಮಗಿರಿ ಬಿಟ್ಟು ಎರಡೇ ವರ್ಷಕ್ಕೆ, 1949ರಲ್ಲಿ, ಅಮೆರಿಕದ ರಸಾಯನ ವಿಜ್ಞಾನಿ ವಿಲ್ಲರ್ಡ್ ಲಿಬ್ಬಿ ಇಂಗಾಲ–14ರಿಂದ ಕಾಲ ಅಳೆಯುವ ವಿಧಾನ ಪ್ರಕಟಿಸಿದರು. ಜೀವ ಹೋದ ಮೇಲೆ ಮರ, ಮೂಳೆ, ಇದ್ದಿಲುಗಳಲ್ಲಿ ಇಂಗಾಲ–14 ಗೊತ್ತಾದ ವೇಗದಲ್ಲಿ ಕಡಿಮೆಯಾಗುತ್ತದೆ. ಉಳಿದದ್ದನ್ನು ಅಳೆದರೆ ವಯಸ್ಸು ಸಿಗುತ್ತದೆ. ಲಿಬ್ಬಿ ಈ ವಿಧಾನವನ್ನು ಹೇಗೆ ಪರೀಕ್ಷೆ ಮಾಡಿದರು ಎಂಬುದು ಗಮನಿಸಬೇಕಾದದ್ದು. ವಯಸ್ಸು ಗೊತ್ತಿಲ್ಲದ ವಸ್ತುವಿನ ಮೇಲೆ ಅದನ್ನು ಬಳಸುವುದಕ್ಕೆ ಮುಂಚೆ, ವಯಸ್ಸು ಮೊದಲೇ ಗೊತ್ತಿದ್ದ ವಸ್ತುಗಳನ್ನು ಅಳೆದು ನೋಡಿದರು. ಈಜಿಪ್ಟಿನ ದೊರೆ ಜೋಸರ್‌ನ ಗೋರಿಯ ಮರವೂ ಅದರಲ್ಲಿತ್ತು. ಗೊತ್ತಿದ್ದ ವಯಸ್ಸಿಗೆ ಹತ್ತಿರದ ಉತ್ತರ ಬಂದ ಮೇಲೆಯೇ ವಿಧಾನವನ್ನು ನಂಬಿದರು. ಅದೂ ಕಂಟ್ರೋಲೇ. 1960ರಲ್ಲಿ ಅವರಿಗೆ ನೊಬೆಲ್ ಬಂತು.

ಮುಂದಿನ ವರ್ಷಗಳಲ್ಲಿ ತೆಲಂಗಾಣದ ಉಟ್ನೂರು, ಬಳ್ಳಾರಿ ಕಡೆಯ ತೆಕ್ಕಲಕೋಟೆ, ತುಂಗಭದ್ರಾ ದಡದ ಹಳ್ಳೂರು ಮೊದಲಾದ ಕಡೆಗಳ ಇದ್ದಿಲು ಲ್ಯಾಬಿಗೆ ಹೋಯಿತು. ಕಲ್ಲಿನ ಕೊಡಲಿಯ ರೈತರು, ದನಗಾಹಿಗಳು ಈ ಭಾಗದಲ್ಲಿ ಕ್ರಿ.ಪೂ. 2500ಕ್ಕೂ ಮೊದಲೇ ಇದ್ದರು. ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿನಲ್ಲೇ ಬಂದಿತ್ತು. ವೀಲರ್ ಲೆಕ್ಕದಲ್ಲಿ ನೂರಾರು ವರ್ಷ, ಕೆಳಗಿನ ಹಂತದಲ್ಲಂತೂ ಸಾವಿರಕ್ಕೂ ಹೆಚ್ಚು ವರ್ಷ ಕಳೆದುಹೋಗಿದ್ದವು.

ತಪ್ಪಾದದ್ದು ಎಲ್ಲಿ? ಅವರ ಬೆಂಚ್ ಮಾರ್ಕ್ ಇದ್ದದ್ದು ಏಣಿಯ ತುದಿಯಲ್ಲಿ ಮಾತ್ರ. ಕೆಳಗಿನ ಎರಡು ಹಂತಕ್ಕೆ ಕಾಲ ಗೊತ್ತಿರುವ ಒಂದು ವಸ್ತುವೂ ಇರಲಿಲ್ಲ. ಅಲ್ಲಿಗೆ ಅವರು ಅಂದಾಜಿನ ಮೇಲೆ ಇಳಿದರು. ಒಂದು ಕಡೆಯಿಂದ ಹೊರಟ ಸರ್ವೆ ಇನ್ನೊಂದು ಗುರುತಿಗೆ ಬಂದು ಮುಟ್ಟಲಿಲ್ಲ. ಸಾಲದ್ದಕ್ಕೆ ತುದಿಯ ಗುರುತೂ ಅಲುಗಾಡಿತು. 1980ರ ದಶಕದಿಂದ ವಿಮಲಾ ಬೇಗ್ಲೆ ಅವರು ಅರಿಕಮೇಡುವಿನ ಮಡಕೆಗಳನ್ನು ಮತ್ತೆ ಪರಿಶೀಲಿಸಿ, ಆಮೇಲೆ ಅಲ್ಲಿ ಮತ್ತೆ ಅಗೆದು, ಚುಕ್ಕಿ ಸುತ್ತಿನ ತಟ್ಟೆ ಇಟಲಿಯ ಮಡಕೆಗಿಂತ ಬಹಳ ಮುಂಚೆಯೇ ಬಳಕೆಯಲ್ಲಿತ್ತು ಎಂದು ತೋರಿಸಿದರು. ಕಂಟ್ರೋಲ್ ಇದೆ ಎಂದರಷ್ಟೇ ಸಾಲದು, ಅದನ್ನೂ ಪರೀಕ್ಷೆ ಮಾಡಬೇಕು.

ಆದರೆ ಒಂದನ್ನು ಯಾರೂ ಅಲ್ಲಗಳೆಯಲಿಲ್ಲ. ಮೊದಲು ಕಲ್ಲಿನ ಕೊಡಲಿ, ಆಮೇಲೆ ಕಬ್ಬಿಣ ಮತ್ತು ಗೋರಿ, ಆಮೇಲೆ ಶಾತವಾಹನರು ಎಂಬ ಕ್ರಮ ಇಂದಿಗೂ ಹಾಗೇ ನಿಂತಿದೆ. ಅದು ಅಂದಾಜಿನಿಂದ ಬಂದದ್ದಲ್ಲ, ಅಗೆಯದೆ ಬಿಟ್ಟ ಗೋಡೆಯ ಮೇಲೆ ಕಂಡದ್ದು.

ಇದೇ ಮನುಷ್ಯ ಅದೇ ವರ್ಷಗಳಲ್ಲಿ ಇನ್ನೊಂದು ಮಾತು ಹೇಳಿದರು. ಮೊಹೆಂಜೊದಾರೊದಲ್ಲಿ ಸಿಕ್ಕ ಅಸ್ಥಿಪಂಜರಗಳು ಆರ್ಯರ ದಾಳಿಯಲ್ಲಿ ಸತ್ತವರವು ಎಂದರು. ಆ ಅಸ್ಥಿಪಂಜರಗಳನ್ನು ಅಗೆದು ತೆಗೆದವರು ಅವರಲ್ಲ, ಅವರಿಗಿಂತ ಮುಂಚಿನವರು. ಅವು ಯಾವ ಪದರದವು ಎಂದು ಹೇಳುವ ಗೋಡೆ ಉಳಿದಿರಲಿಲ್ಲ. 1964ರಲ್ಲಿ ಜಾರ್ಜ್ ಡೇಲ್ಸ್ ಹಳೆಯ ದಾಖಲೆ ಕೆದಕಿ, ಅವು ಒಂದೇ ಕಾಲದಲ್ಲಿ ಸತ್ತವರವು ಎನ್ನಲು ಆಧಾರವೇ ಇಲ್ಲ ಎಂದರು. ನಂತರ ಮೂಳೆ ಪರೀಕ್ಷಿಸಿದವರಿಗೆ ಬಹುತೇಕ ಮೂಳೆಗಳಲ್ಲಿ ಆಯುಧದ ಗಾಯ ಕಾಣಲಿಲ್ಲ. ಆದರೆ ಅಷ್ಟರಲ್ಲಿ ಆ ಕಥೆ ಪಠ್ಯಪುಸ್ತಕ, ಭಾಷಣ, ಜಗಳ ಎಲ್ಲ ಕಡೆ ಹರಡಿತ್ತು. ಪದರ ನೋಡದೆ ಕಾಲ ಹೇಳಬೇಡಿ ಎಂದು ಇಡೀ ದೇಶಕ್ಕೆ ಕಲಿಸಿದವರೇ ಪದರ ಇಲ್ಲದ ಕಡೆ ಕಾಲ ಹೇಳಿದ್ದರು.

ಬಿಟ್ಟದ್ದೇ ಉಳಿದದ್ದು

1948ರಲ್ಲಿ ವೀಲರ್ ಭಾರತದ ಹುದ್ದೆ ಬಿಟ್ಟರು. 1952ರಲ್ಲಿ ಸರ್ ಪದವಿ ಬಂತು. ಬಿಬಿಸಿ ಟಿವಿಯ ರಸಪ್ರಶ್ನೆ ಕಾರ್ಯಕ್ರಮದಲ್ಲಿ ದಪ್ಪ ಮೀಸೆಯ ಈ ಮುದುಕರು ಬ್ರಿಟನ್ನಿನ ಮನೆಮಾತಾದರು. 1954ರಲ್ಲಿ ತಮ್ಮ ವಿಧಾನದ ಬಗ್ಗೆ ಪುಸ್ತಕ ಬರೆದರು. 1976ರ ಜುಲೈ 22ರಂದು ತೀರಿಕೊಂಡರು.

ಇವತ್ತು ನಮ್ಮ ಚಳ್ಳಕೆರೆಗೆ ವಿಜ್ಞಾನ ನಗರಿ ಎಂಬ ಹೆಸರು ಬಂದಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರ ಇದೆ. ಬಸ್ಸಿನಲ್ಲಿ ಹೋಗುವಾಗ ಆ ಬೇಲಿಗಳನ್ನು ನೋಡಿ ವಿಜ್ಞಾನ ನಮ್ಮೂರಿಗೆ ಈಗ ಬಂತು ಎನ್ನುವವರು ಹಲವರು. 1947ರಲ್ಲೇ ಪಕ್ಕದ ತಾಲ್ಲೂಕಿನಲ್ಲಿ ಗುದ್ದಲಿ, ಬಾಂಡ್ಲಿ, ಅಳತೆ ಟೇಪು ಇಟ್ಟುಕೊಂಡು ಒಂದು ದೊಡ್ಡ ಪ್ರಯೋಗ ನಡೆದಿತ್ತು. ಅದರಲ್ಲಿ ಮಣ್ಣು ಹೊತ್ತವರು ನಮ್ಮ ಕಡೆಯ ಜನರೇ ಇರಬೇಕು. ಪುಸ್ತಕಗಳಲ್ಲಿ ಅವರ ಹೆಸರು ನನಗೆ ಸಿಗಲಿಲ್ಲ.

ನನ್ನ ವಯಸ್ಸಿನವರಿಗೆ ವೀಲರ್ ಜೀವನದಿಂದ ತೆಗೆದುಕೊಳ್ಳಲು ಒಂದು ಪ್ರಶ್ನೆ ಇದೆ. ಈ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಈ ಕೋಚಿಂಗ್ ಸೇರಿದರೆ ಕೆಲಸ ಗ್ಯಾರಂಟಿ, ಆ ರಾಜನ ಕಾಲದಲ್ಲಿ ಹೀಗಿತ್ತು ಎಂದು ದಿನಕ್ಕೆ ಹತ್ತು ಮಾತು ಮೊಬೈಲಿಗೆ ಬರುತ್ತವೆ. ಕುಡಿಯದವರಿಗೆ ಏನಾಯಿತು? ಸೇರದವರಿಗೆ ಎಷ್ಟು ಕೆಲಸ ಸಿಕ್ಕಿತು? ಅದು ಯಾವ ಪದರದಲ್ಲಿ ಸಿಕ್ಕಿದ್ದು? ಇಷ್ಟು ಕೇಳಿದರೆ ಸಾಕು. ಹೇಳಿದವರು ಎಷ್ಟು ದೊಡ್ಡವರಾದರೂ ಕೇಳಬೇಕು. ವೀಲರ್‌ಗೂ ಕೇಳಲಾಯಿತು.

ಬ್ರಹ್ಮಗಿರಿಯ ನೆಲವನ್ನೆಲ್ಲ ಅವರು ಅಗೆದಿಲ್ಲ, ಅಗೆದದ್ದು ಸ್ವಲ್ಪ ಭಾಗ. ಉಳಿದದ್ದರ ಕೆಳಗೆ ಪದರಗಳು ಹಾಗೇ ಇವೆ. ನೀವು ಆ ಕಡೆ ಹೋದರೆ ಶಾಸನ ನೋಡಿ ಬರುವಾಗ ಸುತ್ತಲಿನ ಸುಮ್ಮನೆ ಬಿದ್ದ ನೆಲವನ್ನೂ ಒಮ್ಮೆ ನೋಡಿ. ಅಲ್ಲಿನ ಒಂದು ಕಲ್ಲನ್ನೂ ಎತ್ತಿಕೊಂಡು ಬರಬೇಡಿ. ನಾವು ಇವತ್ತು ನಂಬಿರುವುದು ಸರಿಯೇ ಎಂದು ಮುಂದೊಂದು ದಿನ ಯಾರಾದರೂ ನೋಡಬೇಕೆಂದರೆ ಅವರಿಗೆ ಇರುವುದು ಆ ಮಣ್ಣೊಂದೇ.